ಅರೀನಾ ರಾಕ್ ಕಾನ್ಸರ್ಟ್‌ನಲ್ಲಿ ಸಾಹಿತ್ಯ ಕೇಳಿಸಬೇಕೆಂದರೆ

ಬಾಸ್ಕೆಟ್‌ಬಾಲ್‌ಗೋ ಐಸ್ ಹಾಕಿಗೋ ಕಟ್ಟಿದ ಒಳಾಂಗಣ ಅರೀನಾಗಳಲ್ಲಿ ಗೋಡೆ ಕಾಂಕ್ರೀಟು, ಸೂರು ಉಕ್ಕಿನ ತಗಡು, ಕುರ್ಚಿ ಪ್ಲಾಸ್ಟಿಕ್ಕು. ಪ್ರೇಕ್ಷಕರ ಕೂಗು ಸುತ್ತಿ ಸುತ್ತಿ ಮೊಳಗಿದಷ್ಟೂ ಆಟಕ್ಕೆ ಕಳೆ ಬರುತ್ತದೆ. ಅದೇ ಜಾಗಕ್ಕೆ ಡ್ರಮ್, ಬೇಸ್, ಎರಡು ಗಿಟಾರ್, ಒಂದು ಕೊರಳು ಬಂದಾಗ ಆ ಮೊಳಗೇ ಮುಳುವಾಗುತ್ತದೆ. "ಜೋರಾಗೇನೋ ಇತ್ತು, ಹಾಡಿನ ಒಂದು ಪದವೂ ಗೊತ್ತಾಗಲಿಲ್ಲ" ಎಂದು ಜನ ಹೊರಗೆ ಬರುತ್ತಾರೆ.

ಪ್ರತಿ ಕೇಳುಗನ ಕಿವಿಗೂ ಎರಡು ಬಗೆಯ ಶಬ್ದ ತಲುಪುತ್ತದೆ. ಒಂದು ಸ್ಪೀಕರಿನಿಂದ ನೇರವಾಗಿ ಬಂದದ್ದು, ಇನ್ನೊಂದು ಗೋಡೆ, ಸೂರುಗಳಿಗೆ ಬಡಿದು ತಡವಾಗಿ ಬಂದದ್ದು. ಪದ ಬಿಡಿಬಿಡಿಯಾಗಿ ಕೇಳಿಸುವುದು ನೇರ ಶಬ್ದದಿಂದ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ, ಅವುಗಳ ಪ್ರಮಾಣ ಇದ್ದ ಹಾಗೇ ಉಳಿಯುತ್ತದೆ. ಹಾಗಾಗಿ ಅರೀನಾದಲ್ಲಿ ಮಾಡುವ ಪ್ರತಿ ಕೆಲಸಕ್ಕೂ, ಸ್ಪೀಕರ್ ತೂಗುಹಾಕುವುದರಿಂದ ಹಿಡಿದು ಸ್ನೇರ್ (ಚಟ್ ಎನ್ನುವ ಡ್ರಮ್) ಮೇಲೆ ರಿವರ್ಬ್ (ಕೃತಕ ಮೊಳಗು) ಹಾಕುವವರೆಗೆ, ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದರಿಂದ ನೇರ ಶಬ್ದದ ಪಾಲು ಹೆಚ್ಚುತ್ತದೆಯೋ, ಕಟ್ಟಡದ ಪಾಲೋ?

ಮೊದಲು ಜಾಗದ ಲೆಕ್ಕ

ಶಬ್ದ ನಿಂತ ಮೇಲೆ ಅದರ ಮೊಳಗು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಹಾರ್ವರ್ಡ್‌ನ ವ್ಯಾಲೇಸ್ ಸಬೈನ್ 19ನೇ ಶತಮಾನದ ಕೊನೆಯಲ್ಲಿ ಕಂಡುಕೊಂಡ ಸೂತ್ರ ಇಂದಿಗೂ ಕೈಲೆಕ್ಕಕ್ಕೆ ಸಾಕು: ಘನಫಲವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಶಬ್ದ ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ.

1,50,000 ಘನ ಮೀಟರಿನ ಅರೀನಾದಲ್ಲಿ ಅನುರಣನ ಕಾಲ 3 ಸೆಕೆಂಡು ಇದ್ದರೆ, ಅಲ್ಲಿ ಈಗಾಗಲೇ ಸುಮಾರು 8,050 ಚದರ ಮೀಟರಿನಷ್ಟು ಹೀರುವಿಕೆ ಇದೆ ಎಂದರ್ಥ. ಅದನ್ನು 2 ಸೆಕೆಂಡಿಗೆ ಇಳಿಸಲು ಇನ್ನೂ 4,000 ಚದರ ಮೀಟರಿನಷ್ಟು ಬೇಕು. ಬಿದ್ದ ಶಬ್ದದಲ್ಲಿ 60 ಶೇಕಡಾ ಹೀರುವ ದಪ್ಪ ಪರದೆ ತಂದರೂ ಸುಮಾರು 6,700 ಚದರ ಮೀಟರ್ ಬಟ್ಟೆ. ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಅಷ್ಟನ್ನು ಯಾರೂ ಕಟ್ಟಲಾರರು. ಆದ್ದರಿಂದ ಪರದೆಯನ್ನು ಇಡೀ ಕಟ್ಟಡ ಒಣಗಿಸುವ ಆಸೆಯಿಂದ ತರಬೇಡಿ, ಆಯ್ದ ಜಾಗಕ್ಕೆ ತನ್ನಿ. ಮೊದಲನೆಯದು ವೇದಿಕೆಗೆ ಎದುರಿನ ಹಿಂಗೋಡೆ. ವೇದಿಕೆಯಿಂದ 60 ಮೀಟರ್ ದೂರದ ಗೋಡೆಗೆ ಬಡಿದ ಸ್ನೇರ್ ಏಟು ಸುಮಾರು 350 ಮಿಲಿಸೆಕೆಂಡು ಕಳೆದು ವಾಪಸು ಬರುತ್ತದೆ. ಡ್ರಮ್ಮರ್‌ನ ತಾಳ ಕೆಡಿಸಲು ಅದೊಂದೇ ಸಾಕು. ಎರಡನೆಯದು ಟಿಕೆಟ್ ಮಾರದ ಮೇಲಂತಸ್ತು ಮತ್ತು ವೇದಿಕೆಯ ಹಿಂದಿನ ಖಾಲಿ ಆಸನಗಳು.

ಪರದೆ ಬಿಗಿಯಾಗಿ ಎಳೆದು ಕಟ್ಟಿದರೆ ಪ್ರಯೋಜನ ಕಡಿಮೆ. ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ತೆಗೆದುಕೊಂಡು ನೆರಿಗೆ ಬಿಟ್ಟು, ಗೋಡೆಯಿಂದ 30-35 ಸೆಂಟಿಮೀಟರ್ ಈಚೆಗೆ ತೂಗುಹಾಕಿ. 250 ಹರ್ಟ್ಸ್ ತರಂಗಾಂತರದ ಕಾಲುಭಾಗ ಸುಮಾರು 34 ಸೆಂಟಿಮೀಟರ್, ಆ ಅಂತರದಲ್ಲಿ ಬಟ್ಟೆ ಹೆಚ್ಚು ಕೆಲಸ ಮಾಡುತ್ತದೆ. ಬೆಂಕಿ ನಿರೋಧಕ ಬಟ್ಟೆಯೇ ಆಗಿರಬೇಕು. 100 ಹರ್ಟ್ಸ್‌ಗಿಂತ ಕೆಳಗಿನ ಶಬ್ದಕ್ಕೆ ಯಾವ ಪರದೆಯೂ ತಡೆಯಲ್ಲ ಎಂಬುದು ನೆನಪಿರಲಿ; ಅಲ್ಲಿ ತರಂಗಾಂತರವೇ ಮೂರೂವರೆ ಮೀಟರ್.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ನೇರ ಶಬ್ದವೂ ಕಟ್ಟಡದ ಮೊಳಗೂ ಸರಿಸಮವಾಗುವ ದೂರಕ್ಕೆ ಕ್ರಿಟಿಕಲ್ ಡಿಸ್ಟೆನ್ಸ್ ಎನ್ನುತ್ತಾರೆ. ಘನಫಲವನ್ನು ಅನುರಣನ ಕಾಲದಿಂದ ಭಾಗಿಸಿ, ಸ್ಪೀಕರ್ ಎಷ್ಟು ಕಿರಿದಾಗಿ ಶಬ್ದ ಕಳಿಸುತ್ತದೆ ಎನ್ನುವ ಗುಣಾಂಕದಿಂದ ಗುಣಿಸಿ, ವರ್ಗಮೂಲ ತೆಗೆದು 0.057ರಿಂದ ಗುಣಿಸಬೇಕು. ಮೇಲಿನ ಅರೀನಾದಲ್ಲಿ ಎಲ್ಲ ದಿಕ್ಕಿಗೂ ಶಬ್ದ ಚೆಲ್ಲುವ ಸ್ಪೀಕರಿಗೆ (ಗುಣಾಂಕ 1) ಆ ದೂರ ಬರೀ 13 ಮೀಟರ್. ಗುಣಾಂಕ 20 ಇರುವ ಸ್ಪೀಕರ್ ಸಾಲಿಗೆ 57 ಮೀಟರ್. ಅದೇ ಕಟ್ಟಡ, ಅಷ್ಟೇ ಶಕ್ತಿ. ಗುರಿ ಹಿಡಿದದ್ದರಿಂದ ಮಾತ್ರ ಸ್ಪಷ್ಟತೆಯ ಗಡಿ ನಾಲ್ಕು ಪಟ್ಟು ಹಿಂದಕ್ಕೆ ಸರಿಯಿತು.

ಕೆಳಗಿನ ಸ್ವರಗಳ ಸ್ಥಿತಿ ತಿರುವುಮುರುವು. ಅಲ್ಲಿ ಅನುರಣನ 5 ಸೆಕೆಂಡಿದ್ದು, ಸಬ್ (ಕೆಳಸ್ವರಕ್ಕೆಂದೇ ಇರುವ ಸ್ಪೀಕರ್) ಎಲ್ಲ ಕಡೆಗೂ ಚೆಲ್ಲುತ್ತಿದ್ದರೆ, ಕ್ರಿಟಿಕಲ್ ಡಿಸ್ಟೆನ್ಸ್ 10 ಮೀಟರಿಗೇ ಮುಗಿಯಿತು. ಅಂದರೆ ಅರೀನಾದ ಬಹುಪಾಲು ಜನ ಬೇಸ್ ಕೇಳುವುದು ಕಟ್ಟಡದಿಂದ. ಅರೀನಾ ಶಬ್ದದ ಮುಖ್ಯ ಜಗಳ ಇರುವುದು ಇಲ್ಲೇ. ರಾಕ್, ಪಾಪ್ ಸಭಾಂಗಣಗಳ ಬಗ್ಗೆ ನೀಲ್ಸ್ ಅಡೆಲ್ಮನ್-ಲಾರ್ಸೆನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1,000ದಿಂದ 6,000 ಘನ ಮೀಟರಿನ ಒಳ್ಳೆಯ ಹಾಲ್‌ಗಳಲ್ಲಿ ಅನುರಣನ 0.6ರಿಂದ 1.2 ಸೆಕೆಂಡು ಇತ್ತು. ಅರೀನಾ ಅದರ ಹತ್ತಿರಕ್ಕೂ ಬರುವುದಿಲ್ಲ.

ಲೈನ್ ಅರೇ: ಎತ್ತರ, ಕೋನ, ಗುರಿ

ಒಂದೇ ಸ್ಪೀಕರಿನ ಶಬ್ದ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಒಂದರ ಕೆಳಗೊಂದು ಉದ್ದನೆಯ ಸಾಲಾಗಿ ಜೋಡಿಸಿದ ಸ್ಪೀಕರುಗಳು, ಅಂದರೆ ಲೈನ್ ಅರೇ, ಹತ್ತಿರದ ವಲಯದಲ್ಲಿ 3 ಡೆಸಿಬೆಲ್ ಮಾತ್ರ ಇಳಿಯುತ್ತವೆ. ಆ ವಲಯ ಎಲ್ಲಿಯವರೆಗೆ ಎನ್ನುವುದು ಸಾಲಿನ ಉದ್ದ ಮತ್ತು ಫ್ರೀಕ್ವೆನ್ಸಿಯನ್ನು ಅವಲಂಬಿಸಿದೆ: ಮೇಲಿನ ಸ್ವರಗಳಿಗೆ ದೂರದವರೆಗೆ, ಕೆಳಗಿನವಕ್ಕೆ ಕೆಲವೇ ಮೀಟರ್. "ಲೈನ್ ಅರೇ ಹಾಕಿದ್ದೇವೆ, ಹಿಂದಿನವರೆಗೂ ಒಂದೇ ಸಮ ತಲುಪುತ್ತದೆ" ಎನ್ನುವ ಮಾತು ಅರ್ಧ ಸತ್ಯ.

ಎತ್ತರದಿಂದ ಶುರುಮಾಡಿ. ಸ್ಪೀಕರ್ ಕೆಳಗಿದ್ದು ಮುಂದಿನ ಸಾಲು 5 ಮೀಟರ್, ಹಿಂದಿನ ಸಾಲು 70 ಮೀಟರ್ ದೂರವಿದ್ದರೆ ದೂರದ ಪ್ರಮಾಣ 1ಕ್ಕೆ 14; ವ್ಯತ್ಯಾಸ ಸುಮಾರು 23 ಡೆಸಿಬೆಲ್. ಅದೇ ಸಾಲನ್ನು 12 ಮೀಟರಿನಷ್ಟು ಮೇಲೆತ್ತಿ ಹತ್ತಿರದ ಕೇಳುಗ 14 ಮೀಟರ್ ದೂರಕ್ಕೆ ಬಂದರೆ ಪ್ರಮಾಣ 1ಕ್ಕೆ 5, ವ್ಯತ್ಯಾಸ 14 ಡೆಸಿಬೆಲ್. ಒಂದೂ ಬಟನ್ ಮುಟ್ಟದೆ 9 ಡೆಸಿಬೆಲ್ ಉಳಿಯಿತು. ಮಿಕ್ಕದ್ದನ್ನು ಕೋನಗಳಿಂದ ಸರಿಮಾಡಬಹುದು.

ದೂರ ಮುಟ್ಟಬೇಕಾದ ಮೇಲಿನ ಸ್ಪೀಕರ್ ಪೆಟ್ಟಿಗೆಗಳ ನಡುವೆ 0ಯಿಂದ 1 ಡಿಗ್ರಿ, ನಡುವಿನವಕ್ಕೆ 2ರಿಂದ 4, ಹತ್ತಿರದವರನ್ನು ನೋಡುವ ಕೆಳಗಿನವಕ್ಕೆ 5ರಿಂದ 10 ಡಿಗ್ರಿ ಎನ್ನುವುದು ಆರಂಭದ ಅಂದಾಜು. ಖಚಿತ ಕೋನ ತಯಾರಕರ ಲೆಕ್ಕಾಚಾರದ ಸಾಫ್ಟ್‌ವೇರ್‌ನಿಂದಲೇ ಬರಬೇಕು, ಅದಕ್ಕೆ ಕೊಡುವ ಅಳತೆ ನೀವೇ ಲೇಸರ್‌ನಿಂದ ತೆಗೆದದ್ದಾಗಿರಬೇಕು. ಕಟ್ಟಡದವರು ಕೊಡುವ ನಕ್ಷೆಯಲ್ಲಿ ಆಸನ ಸಾಲಿನ ಎತ್ತರ ಅರ್ಧ ಮೀಟರ್ ತಪ್ಪಿದ್ದರೂ 60 ಮೀಟರ್ ಆಚೆ ಮೇಲಿನ ಪೆಟ್ಟಿಗೆಯ ಗುರಿ ಒಂದು ಸಾಲು ತಪ್ಪುತ್ತದೆ.

ಮೇಲಿನ ಪೆಟ್ಟಿಗೆ ಜನ ಕೂರುವ ಕೊನೆಯ ಸಾಲಿನ ಕಿವಿಮಟ್ಟ ನೋಡಬೇಕು. ಅದರಾಚೆಗೆ ಹೋದ ಪ್ರತಿ ಡಿಗ್ರಿಯೂ ಹಿಂಗೋಡೆಗೆ, ಸೂರಿಗೆ ಹೋಗಿ ಮೊಳಗಾಗಿ ಹಿಂದಿರುಗುತ್ತದೆ. ಮೇಲಂತಸ್ತಿನ ಟಿಕೆಟ್ ಮಾರಾಟವಾಗಿಲ್ಲ ಎಂದು ಮಧ್ಯಾಹ್ನ ತಿಳಿದರೆ, ಆ ಪೆಟ್ಟಿಗೆಗಳನ್ನು ಹಾಗೇ ಮ್ಯೂಟ್ ಮಾಡಿ ಬಿಡಬೇಡಿ; ಸಾಲು ಗಿಡ್ಡವಾದಂತೆ ಕೆಳಸ್ವರಗಳ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಸಮಯವಿದ್ದರೆ ಸಾಲನ್ನು ಇಳಿಸಿ ಕೋನ ಬದಲಿಸಿ. ತೂಗುಹಾಕಿದ ಮೇಲೆ ಇನ್‌ಕ್ಲಿನೋಮೀಟರ್ (ಓರೆ ಅಳೆಯುವ ಉಪಕರಣ) ಓದಿಗೆಯನ್ನು ಸಾಫ್ಟ್‌ವೇರ್ ಹೇಳಿದ್ದರ ಜೊತೆ ಹೋಲಿಸಿ, ಎಡ ಬಲ ಎರಡರಲ್ಲೂ. ತೂಗುವ ಕೆಲಸ ತರಬೇತಾದ ರಿಗ್ಗರ್‌ಗಳದ್ದೇ. ಸೂರಿನ ಪ್ರತಿ ಕೊಂಡಿ ಎಷ್ಟು ಭಾರ ತಾಳುತ್ತದೆ ಎನ್ನುವ ಬರಹದ ದಾಖಲೆ ಕೈಯಲ್ಲಿಲ್ಲದೆ ಮೋಟರ್ ಚಾಲೂ ಮಾಡಬಾರದು.

ವೇದಿಕೆಗೆ ಅಂಟಿ ನಿಲ್ಲುವ ಮುಂದಿನ ಮೂರ್ನಾಲ್ಕು ಸಾಲಿನವರಿಗೆ ಮೇಲಿನ ಸ್ಪೀಕರ್ ತಲೆಯ ಮೇಲೆ ಹಾದುಹೋಗುತ್ತದೆ. ಅವರಿಗೆ ಕೇಳುವುದು ಗಿಟಾರ್ ಆಂಪ್ ಮತ್ತು ಡ್ರಮ್, ಕೊರಳಿಲ್ಲ. ವೇದಿಕೆಯ ಅಂಚಿನಲ್ಲಿ ಎರಡು-ಮೂರು ಮೀಟರಿಗೊಂದು ಸಣ್ಣ ಸ್ಪೀಕರ್ ಇಟ್ಟು ಅದಕ್ಕೆ ಕೊರಳನ್ನೇ ಹೆಚ್ಚಾಗಿ ಕಳಿಸಿ. ಪಕ್ಕದ ಅಂತಸ್ತುಗಳಿಗೆ ಪ್ರತ್ಯೇಕ ಸಾಲು ಬೇಕು. ಮುಖ್ಯ ಸಾಲನ್ನೇ ಹೊರಕ್ಕೆ ತಿರುಗಿಸಿ ಎರಡೂ ಕೆಲಸ ಮಾಡಿಸಲು ಹೋದರೆ ನಡುವಿನವರಿಗೆ ಮೋಸವಾಗುತ್ತದೆ.

ಸಬ್‌ಗಳು: ಎಡ ಬಲ ರಾಶಿ ಹಾಕಬೇಡಿ

ವೇದಿಕೆಯ ಎರಡೂ ತುದಿಗೆ ಸಬ್ ರಾಶಿ ಹಾಕುವುದು ಸುಲಭ, ಹಾಗಾಗಿ ಎಲ್ಲೆಡೆ ಅದೇ ಕಾಣುತ್ತದೆ. 60 ಹರ್ಟ್ಸ್ ತರಂಗಾಂತರ ಸುಮಾರು 5.7 ಮೀಟರ್. ಎಡ ರಾಶಿಗಿಂತ ಬಲ ರಾಶಿ 2.85 ಮೀಟರ್ ದೂರವಾಗುವ ಕಡೆ ನಿಂತವರಿಗೆ ಒಂದು ಅಲೆ ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ, ಕಿಕ್ ಡ್ರಮ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಮಾಯ. ನಟ್ಟನಡುವಿನ ಗೆರೆಯಲ್ಲಿ ಎರಡೂ ಸೇರಿ 6 ಡೆಸಿಬೆಲ್ ಏರಿ ಎದೆ ನಡುಗುತ್ತದೆ. ಮಿಕ್ಸ್ ಮಾಡುವವರು ಕೂರುವುದು ಬಹುತೇಕ ಆ ಗೆರೆಯಲ್ಲೇ. ಅವರಿಗೆ ಬೇಸ್ ಜಾಸ್ತಿ ಅನಿಸಿ ಇಳಿಸುತ್ತಾರೆ, ಪಕ್ಕದಲ್ಲಿ ಮೊದಲೇ ಇಲ್ಲದವರಿಗೆ ಇನ್ನೂ ಇಲ್ಲವಾಗುತ್ತದೆ.

ಇದಕ್ಕೆ ಮದ್ದು ವೇದಿಕೆಯ ಮುಂದೆ ಒಂದೇ ಉದ್ದನೆಯ ಸಾಲು. ಎರಡು ಸಬ್‌ಗಳ ನಡುಗೆರೆಗಳ ಅಂತರ ನೀವು ಬಳಸುವ ಅತಿ ಮೇಲಿನ ಫ್ರೀಕ್ವೆನ್ಸಿಯ ಅರ್ಧ ತರಂಗಾಂತರ ದಾಟಬಾರದು. 80 ಹರ್ಟ್ಸ್‌ವರೆಗೆ ಬಳಸಿದರೆ 2.1 ಮೀಟರ್. 10 ಜಾಗಗಳು, 2 ಮೀಟರಿಗೊಂದರಂತೆ ಇಟ್ಟರೆ ತುದಿಯಿಂದ ತುದಿಗೆ 18 ಮೀಟರ್. ಆದರೆ ಇಷ್ಟು ಉದ್ದದ ನೇರ ಸಾಲು ಶಬ್ದವನ್ನು ನಡುವಿಗೇ ಕಿರಿದಾಗಿ ಕಳಿಸುತ್ತದೆ. ಡಿಲೇ, ಅಂದರೆ ಶಬ್ದ ಹೊರಡುವುದಕ್ಕೆ ತುಸು ತಡ, ಕೊಟ್ಟು ಸಾಲನ್ನು ಬಿಲ್ಲಿನಂತೆ ಬಾಗಿಸಬೇಕು. 12 ಮೀಟರ್ ತ್ರಿಜ್ಯದ ಬಿಲ್ಲಿಗೆ, ನಡುವಿನಿಂದ ಹೊರಕ್ಕೆ ಹೋಗುತ್ತ ಎರಡೂ ಬದಿಗೆ ಕೊಡಬೇಕಾದ ಡಿಲೇ ಹೀಗೆ:

1 ಮೀಟರಿನಲ್ಲಿ 0.1 ಮಿಲಿಸೆಕೆಂಡು
3 ಮೀಟರಿನಲ್ಲಿ 1.1
5 ಮೀಟರಿನಲ್ಲಿ 3.2
7 ಮೀಟರಿನಲ್ಲಿ 6.6
9 ಮೀಟರಿನಲ್ಲಿ 11.8

ಇದರಿಂದ ಸುಮಾರು 97 ಡಿಗ್ರಿ ಹರವು ಸಿಗುತ್ತದೆ. ಇನ್ನೂ ಅಗಲ ಬೇಕಿದ್ದರೆ ತ್ರಿಜ್ಯ ಇಳಿಸಿ. ನಡುವಿನ ಜೋರು ಅಷ್ಟೇ ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಇದಕ್ಕೆ ಪ್ರತಿ ಜಾಗಕ್ಕೂ, ಕನಿಷ್ಠ ಪ್ರತಿ ಎಡಬಲ ಜೋಡಿಗಾದರೂ, ಬೇರೆ ಬೇರೆ ಆಂಪ್ಲಿಫೈಯರ್ ಚಾನಲ್ ಬೇಕಾಗುತ್ತದೆ. ಕೇಬಲ್ ಎಳೆಯುವ ಮೊದಲೇ ಯೋಚಿಸಿ.

ಎರಡನೇ ಹೆಜ್ಜೆ ಹಿಂದಕ್ಕೆ ಹೋಗುವ ಶಬ್ದ ಕತ್ತರಿಸುವುದು. ಮೂರು ಸಬ್‌ಗಳಲ್ಲಿ ಒಂದನ್ನು ಹಿಮ್ಮುಖವಾಗಿಸಿ, ಅದರ ಪೊಲಾರಿಟಿ ತಿರುಗಿಸಿ (ಅಲೆಯ ಏರು ಇಳಿತವಾಗುವಂತೆ ಮಾಡಿ), ಡಿಲೇ ಕೊಟ್ಟರೆ ವೇದಿಕೆಯ ಕಡೆಗೆ ಎರಡೂ ಒಂದನ್ನೊಂದು ಅಳಿಸುತ್ತವೆ. ಇದೇ ಕಾರ್ಡಿಯಾಯ್ಡ್ ಜೋಡಣೆ. ಡಿಲೇ ಅಂಕಿಯನ್ನು ಊಹಿಸಬೇಡಿ. ಆ ಪೆಟ್ಟಿಗೆಗೆ ತಯಾರಕರು ಕೊಟ್ಟ ಪ್ರಿಸೆಟ್ ಹಾಕಿ. ಹಿಮ್ಮುಖದ ಪೆಟ್ಟಿಗೆಯ ಎದುರಿಗೆ 60 ಸೆಂಟಿಮೀಟರಿನಷ್ಟಾದರೂ ಖಾಲಿ ಬಿಡಿ. ವೇದಿಕೆಯ ಹಲಗೆಗೆ ಒತ್ತಿ ಇಟ್ಟರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮೂರರಲ್ಲಿ ಒಂದು ಸಬ್ "ವ್ಯರ್ಥ" ಎಂದು ಗೊಣಗುವವರಿರುತ್ತಾರೆ. ಹಿಂದಕ್ಕೆ ಹೋಗುತ್ತಿದ್ದ ಶಬ್ದ ಕಟ್ಟಡವನ್ನು ಮೊಳಗಿಸುವುದು, ಕೊರಳಿನ ಮೈಕಿನೊಳಗೆ ಗುಂಯ್‌ಗುಡುವುದು ನಿಂತಾಗ ಸಿಗುವ ಲಾಭ ಆ ಒಂದು ಪೆಟ್ಟಿಗೆಗಿಂತ ಬಹಳ ದೊಡ್ಡದು.

ಇನ್ನು ಸಬ್ ಮತ್ತು ಮುಖ್ಯ ಸಾಲಿನ ಹೊಂದಿಕೆ. ನಡುನೆಲದಲ್ಲಿ, ವೇದಿಕೆಯಿಂದ 25-30 ಮೀಟರ್ ದೂರದಲ್ಲಿ ಅಳತೆಯ ಮೈಕನ್ನು ನೆಲಕ್ಕೇ ತಾಗಿಸಿ ಇಡಿ. ಕಂಬದ ಮೇಲಿಟ್ಟರೆ ನೆಲದಿಂದ ಪುಟಿದ ಶಬ್ದ ಓದಿಗೆ ಕೆಡಿಸುತ್ತದೆ. ಮುಖ್ಯ ಸಾಲೊಂದನ್ನೇ ಹಚ್ಚಿ ಅಳತೆಯ ಸಾಫ್ಟ್‌ವೇರ್‌ನಲ್ಲಿ ಫೇಸ್ ಗೆರೆ (ಪ್ರತಿ ಫ್ರೀಕ್ವೆನ್ಸಿಯ ಅಲೆ ಯಾವ ಹಂತದಲ್ಲಿದೆ ಎಂದು ತೋರಿಸುವುದು) ಉಳಿಸಿಕೊಳ್ಳಿ. ಆಮೇಲೆ ಸಬ್ ಮಾತ್ರ ಹಚ್ಚಿ, ಎರಡು ಗೆರೆಗಳೂ 60ರಿಂದ 100 ಹರ್ಟ್ಸ್ ನಡುವೆ ಒಂದರ ಮೇಲೊಂದು ಕೂರುವವರೆಗೆ ಡಿಲೇ ಸರಿಸಿ. ಗೆರೆಗಳು ಒಂದೇ ಜಾಗದಲ್ಲಿ ಕೂಡಿದರೆ ಸಾಲದು, ಅವುಗಳ ಇಳಿಜಾರೂ ಒಂದೇ ಆಗಿರಬೇಕು. ಪರೀಕ್ಷೆ ಸುಲಭ: ಎರಡನ್ನೂ ಹಚ್ಚಿ ಸಬ್‌ನ ಪೊಲಾರಿಟಿ ತಿರುಗಿಸಿ. ಸೇರುವ ಕಡೆ ಆಳವಾದ ಹಳ್ಳ ಬಿದ್ದರೆ ಮೊದಲಿನದು ಸರಿ. ತಿರುಗಿಸಿದಾಗ ಜೋರಾದರೆ ಇಷ್ಟು ಹೊತ್ತು ತಪ್ಪು ಕೇಳುತ್ತಿದ್ದಿರಿ.

ಟ್ಯೂನಿಂಗ್

ಅಳೆಯುವ ಮೊದಲು ಪೆಟ್ಟಿಗೆ ಪೆಟ್ಟಿಗೆಯಾಗಿ ಶಬ್ದ ಕೊಟ್ಟು ಕೇಳಿ. ಒಂದು ಕೇಬಲಿನ 2 ಮತ್ತು 3ನೇ ಪಿನ್ ಅದಲುಬದಲಾಗಿದ್ದರೆ, ಎರಡು ಆಂಪ್ ಚಾನಲ್ ಹಿಂದುಮುಂದಾಗಿದ್ದರೆ, ಆಮೇಲೆ ಯಾವ ಈಕ್ವಲೈಸರ್‌ನಿಂದಲೂ (ಬೇರೆ ಬೇರೆ ಸ್ವರಗಳನ್ನು ಏರಿಸಿ ಇಳಿಸುವ ಸಾಧನ) ಸರಿಹೋಗುವುದಿಲ್ಲ. ಸಿಸ್ಟಂನ ತೊಂದರೆ ಎಂದುಕೊಂಡದ್ದರಲ್ಲಿ ಅನೇಕವು ಇಂಥ ಕೇಬಲ್ ತೊಂದರೆಗಳೇ.

ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಪರೀಕ್ಷಾ ಶಬ್ದ) ಹಚ್ಚಿ, ಮೈಕನ್ನು ಒಂದೇ ಕಡೆ ಇಡದೆ ಎಂಟಾದರೂ ಜಾಗದಲ್ಲಿ ಅಳೆಯಿರಿ: ನೆಲದಲ್ಲಿ ಮುಂದೆ, ನಡುವೆ, ಹಿಂದೆ, ಕೆಳ ಅಂತಸ್ತು, ಮೇಲಂತಸ್ತಿನ ಮೊದಲ ಮತ್ತು ಕೊನೆಯ ಸಾಲು, ಪಕ್ಕಗಳು. ಎಲ್ಲ ಕಡೆ ಒಂದೇ ರೀತಿ ಕಾಣುವ ಉಬ್ಬನ್ನು ಮಾತ್ರ ಈಕ್ವಲೈಸರ್‌ನಲ್ಲಿ ಇಳಿಸಿ. ಒಂದು ಜಾಗದಲ್ಲಿ ಮಾತ್ರ ಕಂಡ ಕಿರಿದಾದ ಹಳ್ಳ ಪುಟಿದ ಶಬ್ದದ್ದು. ಅದನ್ನು ತುಂಬಿಸಲು 6 ಡೆಸಿಬೆಲ್ ಏರಿಸಿದರೆ ಹಳ್ಳ ಹಾಗೇ ಇರುತ್ತದೆ, ಮಿಕ್ಕ ಸಾವಿರಾರು ಜನರಿಗೆ ಅಲ್ಲೊಂದು ಉಬ್ಬು ಸಿಗುತ್ತದೆ. ಕೊಹೆರೆನ್ಸ್ ಗೆರೆ (ಅಳತೆಯನ್ನು ಎಷ್ಟು ನಂಬಬಹುದು ಎಂದು ತೋರಿಸುವುದು) ಕುಸಿದಿರುವ ಕಡೆ ಈಕ್ವಲೈಸರ್ ಮುಟ್ಟದಿರುವುದು ಒಳ್ಳೆಯ ಅಭ್ಯಾಸ.

ಡಿಲೇ ಹೊಂದಿಸುವುದು ಎರಡು ಸ್ಪೀಕರ್‌ಗಳು ಸಮನಾಗಿ ಕೇಳಿಸುವ ಜಾಗದಲ್ಲಿ. ಒಂದು ಮೀಟರಿಗೆ ಸುಮಾರು 2.9 ಮಿಲಿಸೆಕೆಂಡು ಎಂದು ಅಂದಾಜಿಟ್ಟು, ಮೈಕಿನಿಂದ ಅಳೆದು ಖಚಿತಪಡಿಸಿಕೊಳ್ಳಿ. ಮೊದಲು ಬಂದ ಶಬ್ದದ ಕಡೆಗೇ ಕಿವಿ ತಿರುಗುತ್ತದೆ ಎಂದು ಹೆಲ್ಮಟ್ ಹಾಸ್ 1949ರಲ್ಲಿ ತೋರಿಸಿದ ಗುಣ ಇಲ್ಲಿ ನೆರವಿಗೆ ಬರುತ್ತದೆ. ವೇದಿಕೆಯಿಂದ ದೂರದಲ್ಲಿ ತೂಗುಹಾಕಿದ ಹಿಂದಿನ ಸ್ಪೀಕರಿಗೆ ಐದೋ ಹತ್ತೋ ಮಿಲಿಸೆಕೆಂಡು ಹೆಚ್ಚು ಕೊಟ್ಟರೆ ಹಾಡು ವೇದಿಕೆಯಿಂದಲೇ ಬಂದಂತಿರುತ್ತದೆ. ರಾಕ್‌ನಲ್ಲಿ ಅದಕ್ಕಿಂತ ಹೆಚ್ಚು ಬೇಡ, ಸ್ನೇರ್‌ನ ಒಂದು ಏಟು ಎರಡಾಗಿ ಕೇಳತೊಡಗುತ್ತದೆ.

ಟ್ಯೂನಿಂಗ್‌ನ ಕೊನೆಯ ಸುತ್ತು ಶೋನಷ್ಟೇ ಜೋರಿನಲ್ಲಿರಲಿ. ಮೆಲ್ಲನೆ ಕೇಳುವಾಗ ಕಿವಿ ಬೇಸ್ ಕಡಿಮೆ ಹಿಡಿಯುತ್ತದೆ, ಜೋರಾದಂತೆ ಹೆಚ್ಚು ಹಿಡಿಯುತ್ತದೆ. ಮಧ್ಯಾಹ್ನ 85 ಡೆಸಿಬೆಲ್‌ನಲ್ಲಿ ಹಿತವಾಗಿದ್ದದ್ದು ರಾತ್ರಿ 100ರಲ್ಲಿ ದಿಮ್ಮೆನ್ನುವುದು ಅದಕ್ಕೇ.

ವೇದಿಕೆಯ ಮೇಲಿನ ಗದ್ದಲ

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ 55,000ಕ್ಕೂ ಹೆಚ್ಚು ಜನರ ಮುಂದೆ ನುಡಿಸಿದಾಗ ಗಿಟಾರ್‌ಗಳಿಗಿದ್ದದ್ದು 100 ವ್ಯಾಟ್ ಆಂಪ್‌ಗಳು. ಜನರ ಕಿರುಚಾಟದಲ್ಲಿ ಅವರಿಗೆ ಅವರದೇ ಹಾಡು ಕೇಳಿಸುತ್ತಿರಲಿಲ್ಲ. ಇಂದು ತೊಂದರೆ ತಿರುಗಿ ನಿಂತಿದೆ. ವೇದಿಕೆಯ ಆಂಪ್, ವೆಡ್ಜ್ ಮಾನಿಟರ್ (ಕಲಾವಿದರ ಕಾಲ ಬಳಿ ಇಡುವ ಸ್ಪೀಕರ್), ಸೈಡ್‌ಫಿಲ್ (ವೇದಿಕೆಯ ಪಕ್ಕದಿಂದ ಅವರತ್ತ ತಿರುಗಿದ ಸ್ಪೀಕರ್) ಎಲ್ಲ ಸೇರಿ ಕೊರಳಿನ ಮೈಕಿಗೆ ಹಾಡುಗಾರರಷ್ಟೇ ಜೋರಾಗಿ ನುಗ್ಗುತ್ತವೆ. ಆ ಮೈಕ್ ಏರಿಸಿದಾಗ ಏರುವುದು ಸಿಂಬಲ್.

ಗಿಟಾರ್ ಆಂಪನ್ನು ಜನರ ಕಡೆಗಲ್ಲದೆ ವೇದಿಕೆಗೆ ಅಡ್ಡಲಾಗಿ ತಿರುಗಿಸಿ, ಅಥವಾ ವೇದಿಕೆಯ ಹಿಂದೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಮೈಕ್ ಹಾಕಿ. ಎಲ್ಲರೂ ಇನ್-ಇಯರ್‌ಗೆ (ಕಿವಿಯೊಳಗೆ ಇಡುವ ಮಾನಿಟರ್) ಒಪ್ಪಿದರೆ ಅರ್ಧ ಯುದ್ಧ ಗೆದ್ದಂತೆ; ಅದರಲ್ಲಿ ಲಿಮಿಟರ್ (ಜೋರಿಗೆ ಕಡಿವಾಣ) ಹಾಕಿಯೇ ಕೊಡಿ. ವೆಡ್ಜ್ ಬೇಕೆಂದರೆ ಮೈಕಿನ ಕಿವುಡು ಬದಿಯಲ್ಲಿ ಇಡಿ. ಎಸ್‌ಎಂ58ನಂಥ ಕಾರ್ಡಿಯಾಯ್ಡ್ ಮೈಕಿಗೆ ಅದು ನೇರ ಹಿಂದೆ, ಬೀಟಾ 58ಎನಂಥ ಸೂಪರ್‌ಕಾರ್ಡಿಯಾಯ್ಡ್‌ಗೆ ಸುಮಾರು 125 ಡಿಗ್ರಿಯಲ್ಲಿ, ಅಂದರೆ ಹಿಂದಿನ ಎರಡು ಓರೆಗಳಲ್ಲಿ. ಮೈಕ್ ಬದಲಿಸಿ ವೆಡ್ಜ್ ಸರಿಸದಿದ್ದರೆ ಫೀಡ್‌ಬ್ಯಾಕ್ (ಕೀರಲು ಕೂಗು) ಬರುತ್ತದೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಾಡಿದರೂ ಅಷ್ಟೇ, ಹಿಂದಿನ ರಂಧ್ರ ಮುಚ್ಚಿದ ಮೈಕ್ ಎಲ್ಲ ಕಡೆಯಿಂದಲೂ ಕೇಳತೊಡಗುತ್ತದೆ.

ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಫೀಡ್‌ಬ್ಯಾಕ್‌ಗೆ ಮುಂಚಿನ ಅವಕಾಶ 3 ಡೆಸಿಬೆಲ್ ಕುಗ್ಗುತ್ತದೆ. ಒಂದೇ ಹಾಡಿಗೆ ಬೇಕಾದ ಕೋರಸ್ ಮೈಕನ್ನು ಮಿಕ್ಕ ಹೊತ್ತು ಮ್ಯೂಟ್ ಮಾಡಿಡಿ.

ವಿದ್ಯುತ್ತಿನ ಬಗ್ಗೆ ಒಂದು ಮಾತು: ದೀಪಗಳಿಗೂ ಶಬ್ದಕ್ಕೂ ಬೇರೆ ಬೇರೆ ಪೂರೈಕೆ ಇರಲಿ. ಗುಂಯ್ ಎನ್ನುವ ಹಮ್ ಬಂದರೆ ಡಿಐ ಬಾಕ್ಸ್‌ನ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಕೀಳುವುದು ಕೊಲೆಗೆ ಸಮ, ಗಿಟಾರ್ ಹಿಡಿದವರ ತುಟಿ ಮೈಕಿಗೆ ತಾಗಿರುತ್ತದೆ.

ಮಿಕ್ಸ್

ಮಿಕ್ಸರ್ ಇಡುವ ಜಾಗ ಬಾಲ್ಕನಿ ಕೆಳಗೂ ಹಿಂಗೋಡೆಗೆ ಅಂಟಿಯೂ ಇರಬಾರದು. ನಡುಗೆರೆಯಿಂದ ಎರಡು-ಮೂರು ಮೀಟರ್ ಪಕ್ಕಕ್ಕೆ ಸಿಕ್ಕರೆ ಒಳ್ಳೆಯದು. ಹೆಚ್ಚು ಜನ ಕೇಳುವುದಕ್ಕೆ ಅದು ಹತ್ತಿರ.

ಕಿಕ್‌ನಿಂದ ಶುರುಮಾಡಿ ಕೊನೆಗೆ ಕೊರಳಿಗೆ ಜಾಗ ಹುಡುಕುವ ಹಳೆಯ ರೂಢಿ ಅರೀನಾಕ್ಕೆ ಒಗ್ಗುವುದಿಲ್ಲ. ಮೊದಲು ಕೊರಳನ್ನು ತೆರೆದು, ಈ ಕಟ್ಟಡದಲ್ಲಿ ಎಲ್ಲಿಯವರೆಗೆ ಸ್ಪಷ್ಟವಾಗಿ ನಿಲ್ಲುತ್ತದೆ ಎಂದು ನೋಡಿ, ಮಿಕ್ಕದ್ದನ್ನು ಅದರ ಸುತ್ತ ಕಟ್ಟಿ. ಬೇಡದ ಕೆಳಸ್ವರವನ್ನು ಹೈಪಾಸ್‌ನಿಂದ ಧಾರಾಳವಾಗಿ ಕತ್ತರಿಸಿ: ಕೊರಳಿಗೆ 120-150 ಹರ್ಟ್ಸ್, ಗಿಟಾರಿಗೆ 100-120, ಹೈಹ್ಯಾಟ್‌ಗೆ 300. ಒಂದೊಂದಾಗಿ ಕೇಳಿದರೆ ತೆಳುವೆನಿಸುತ್ತದೆ, ಒಟ್ಟಿಗೆ ಕೇಳುವಾಗ ಕಟ್ಟಡವೇ ಆ ದಪ್ಪ ತುಂಬುತ್ತದೆ. 200ರಿಂದ 400 ಹರ್ಟ್ಸ್ ರಾಡಿಯ ತವರು. ಎರಡೂ ಗಿಟಾರ್, ಟಾಮ್, ಕೀಬೋರ್ಡ್‌ಗಳಲ್ಲಿ ಅಲ್ಲಿ ಎರಡು-ಮೂರು ಡೆಸಿಬೆಲ್ ತೆಗೆದರೆ ಪದಗಳು ಮೇಲೆ ಬರುತ್ತವೆ.

ಸಬ್‌ಗೆ ಬೇರೆ ಆಕ್ಸ್ (ಮಿಕ್ಸರ್‌ನ ಪ್ರತ್ಯೇಕ ಹೊರದಾರಿ) ಮೂಲಕ ಕಿಕ್, ಬೇಸ್ ಗಿಟಾರ್, ಅಗತ್ಯವಿದ್ದರೆ ಫ್ಲೋರ್ ಟಾಮ್ ಮತ್ತು ಸಿಂತ್ ಮಾತ್ರ ಕಳಿಸಿ. ಮಿಕ್ಕ ಮೈಕುಗಳ ಗುಡುಗು ಅಲ್ಲಿಗೆ ಹೋಗಲೇಬಾರದು. ಕಿಕ್ ಗಿಡ್ಡವಾಗಿರಲಿ: ಡ್ರಮ್ಮಿನೊಳಗೆ ದಿಂಬು, ಗೇಟ್‌ನ (ಏಟು ಮುಗಿದೊಡನೆ ಮೈಕ್ ಮುಚ್ಚುವ ಸಾಧನ) ರಿಲೀಸ್ 100-150 ಮಿಲಿಸೆಕೆಂಡು. ಬಾಲವನ್ನು ಕಟ್ಟಡ ಹೇಗೂ ಸೇರಿಸುತ್ತದೆ. ಕಿಕ್ ಮತ್ತು ಬೇಸ್ ಗಿಟಾರ್ ಎರಡೂ 60 ಹರ್ಟ್ಸ್‌ಗೇ ಬಡಿದಾಡಿದರೆ ಎರಡೂ ಸೋಲುತ್ತವೆ. ಒಂದಕ್ಕೆ 55-65, ಇನ್ನೊಂದಕ್ಕೆ 80-100 ಬಿಟ್ಟುಕೊಡಿ.

ರಿವರ್ಬ್ ವಿಷಯದಲ್ಲಿ ಜಿಪುಣರಾಗಿ. ಮೂರು ಸೆಕೆಂಡಿನ ರಿವರ್ಬ್ ಅರೀನಾ ಪುಕ್ಕಟೆ ಕೊಡುತ್ತಿದೆ. ಕೊರಳಿಗೆ ಹರವು ಬೇಕೆನಿಸಿದರೆ ತಾಳಕ್ಕೆ ಹೊಂದಿದ ಡಿಲೇ ಹಾಕಿ, ನಿಮಿಷಕ್ಕೆ 120 ಬೀಟ್‌ನ ಹಾಡಿಗೆ 250 ಮಿಲಿಸೆಕೆಂಡು, ಸಾಲಿನ ಕೊನೆಯ ಪದಕ್ಕೆ ಮಾತ್ರ. ಗಿಟಾರ್‌ಗಳನ್ನು ಪೂರ್ತಿ ಎಡ, ಪೂರ್ತಿ ಬಲ ಒಗೆಯಬೇಡಿ. ಎಡಪಕ್ಕದಲ್ಲಿ ಕುಳಿತವರಿಗೆ ಬಲಗಿಟಾರಿನ ಸೋಲೋ ಇಲ್ಲವೇ ಇಲ್ಲವಾದೀತು.

ಜನ ತುಂಬಿದ ಮೇಲೆ

ಸೌಂಡ್‌ಚೆಕ್‌ನಲ್ಲಿ ಕೇಳಿದ ಅರೀನಾ ಬೇರೆ, ರಾತ್ರಿಯದು ಬೇರೆ. ಜನರ ಮೈ, ಬಟ್ಟೆ ನಡು ಮತ್ತು ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರುತ್ತವೆ, ಕೆಳಗಿನವನ್ನು ಅಷ್ಟಾಗಿ ಇಲ್ಲ. ಸೌಂಡ್‌ಚೆಕ್‌ನಲ್ಲಿ ಕರ್ಕಶವೆನಿಸಿದ್ದು ತಾನಾಗಿ ಮೆತ್ತಗಾಗುತ್ತದೆ, ಬೇಸ್ ಮಾತ್ರ ಮೊಂಡಾಗಿ ಉಳಿಯುತ್ತದೆ. ಮಧ್ಯಾಹ್ನವೇ ಮೇಲಿನ ಸ್ವರ ಅತಿಯಾಗಿ ಕತ್ತರಿಸಬೇಡಿ.

ಗಾಳಿಯೂ ಬದಲಾಗುತ್ತದೆ. 8 ಕಿಲೋಹರ್ಟ್ಸ್‌ನ ಶಬ್ದ 15 ಡಿಗ್ರಿ ಸೆಲ್ಸಿಯಸ್, 20 ಶೇಕಡಾ ಆರ್ದ್ರತೆಯ ಒಣ ಗಾಳಿಯಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ ಕಳೆದುಕೊಳ್ಳುತ್ತದೆ. 30 ಡಿಗ್ರಿ, 70 ಶೇಕಡಾದಲ್ಲಿ 6 ಮಾತ್ರ. ಆರ್ದ್ರತೆಯ ಮೀಟರ್ ಮಿಕ್ಸರ್ ಪಕ್ಕ ಇಟ್ಟು, ಬಾಗಿಲು ತೆಗೆಯುವ ಮುನ್ನ ಮತ್ತು ಮೊದಲ ಹಾಡಿನ ಮುನ್ನ ಪ್ರೊಸೆಸರ್‌ನಲ್ಲಿ ಅಂಕಿ ತಿದ್ದಿ. ತಾಪ 18ರಿಂದ 28ಕ್ಕೆ ಏರಿದರೆ 60 ಮೀಟರಿನ ಡಿಲೇ 175.3ರಿಂದ 172.3 ಮಿಲಿಸೆಕೆಂಡಿಗೆ ಇಳಿಯಬೇಕು. 3 ಮಿಲಿಸೆಕೆಂಡು ಸಣ್ಣದಲ್ಲ.

ಮೂರನೇ ಹಾಡಿನ ಹೊತ್ತಿಗೆ ಸಿಸ್ಟಂ ಎಂಜಿನಿಯರ್ ಟ್ಯಾಬ್ಲೆಟ್ ಹಿಡಿದು ಮೇಲಂತಸ್ತಿನ ಕೊನೆಯ ಸಾಲಿಗೆ ಹತ್ತಿರಬೇಕು. ಕೊರಳು ಕೇಳುತ್ತಿದ್ದು ಪದ ತಿಳಿಯದಿದ್ದರೆ 2ರಿಂದ 4 ಕಿಲೋಹರ್ಟ್ಸ್ ಆ ಸಾಲಿಗೆ ತಲುಪುತ್ತಿಲ್ಲ ಎಂದು ಮೊದಲು ಅನುಮಾನಿಸಿ, ಮೇಲಿನ ಪೆಟ್ಟಿಗೆಗಳಿಗೆ ಮಾತ್ರ ತಿದ್ದುಪಡಿ ಕೊಡಿ. ಬೇಸ್‌ನ ಒಂದೇ ಸ್ವರ ಉಳಿದವಕ್ಕಿಂತ ಉಬ್ಬಿ ಬಂದರೆ ಒಟ್ಟು ಸಬ್ ಇಳಿಸದೆ, ಆ ಫ್ರೀಕ್ವೆನ್ಸಿಯೊಂದನ್ನೇ ಕಿರಿದಾಗಿ ಕತ್ತರಿಸಿ.

ಜೋರಿಗೆ ಮಿತಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡ 15 ನಿಮಿಷದ ಸರಾಸರಿ 100 ಡೆಸಿಬೆಲ್ ಎ (ಕಿವಿಯ ಗ್ರಹಿಕೆಗೆ ಹೊಂದಿಸಿದ ಅಳತೆ) ದಾಟಬಾರದು ಎನ್ನುತ್ತದೆ. ಜರ್ಮನಿಯ ಡಿಐಎನ್ 15905-5ರಲ್ಲಿ 30 ನಿಮಿಷದ ಸರಾಸರಿ 99. ಮಿಕ್ಸರ್ ಬಳಿ ಎ ಮತ್ತು ಸಿ (ಬೇಸನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆ) ಎರಡೂ ಓದಿಗೆ ತೆರೆದಿಡಿ. ಸಿ ಓದಿಗೆ ಎಗಿಂತ 20 ಡೆಸಿಬೆಲ್‌ಗೂ ಮೇಲೆ ಹೋದರೆ ಬೇಸ್ ಹತೋಟಿ ತಪ್ಪಿದೆ, ಸಬ್ ಆಕ್ಸ್ ಎರಡು-ಮೂರು ಡೆಸಿಬೆಲ್ ಇಳಿಸಿ. ಮೊದಲ ಹಾಡನ್ನು 96ರ ಆಸುಪಾಸಿನಲ್ಲಿ ಶುರುಮಾಡಿದರೆ ಕೊನೆಯ ಹಾಡುಗಳಿಗೆ ಏರಲು ಜಾಗ ಉಳಿಯುತ್ತದೆ. ಗಂಟೆ ಕಳೆದಂತೆ ಮಿಕ್ಸ್ ಮಾಡುವವರ ಕಿವಿಯೂ ದಣಿದು ಮೇಲಿನ ಸ್ವರ ಕಡಿಮೆ ಕೇಳುತ್ತದೆ, ಕೈ ತಾನಾಗಿ ಅದನ್ನು ಏರಿಸುತ್ತದೆ. ಸೌಂಡ್‌ಚೆಕ್‌ನಲ್ಲೂ, ಮೊದಲು ನುಡಿಸುವ ತಂಡದ ಹೊತ್ತಿನಲ್ಲೂ ಕಿವಿಪ್ಲಗ್ ಹಾಕಿಕೊಂಡಿರಿ, ಕೊನೆಯ ಅರ್ಧ ಗಂಟೆ ಸಿಂಬಲ್ ಏರಿಸುವ ಮೊದಲು ಒಮ್ಮೆ ಅಳತೆಯ ಮೈಕಿನ ಗೆರೆ ನೋಡಿ.